ಕಣ್ಣಿಗೊತ್ತಿಕೊಂಡ ನೂರು

ಬೆಳಗಿನ ಮೊದಲ ನೋಟನ್ನು ಮಲ್ಲಣ್ಣ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಎರಡೂ ರೆಪ್ಪೆಗೆ ಒತ್ತಿಕೊಳ್ಳುತ್ತಿದ್ದರು. ಹಣೆಯ ವಿಭೂತಿ ನೋಟಿಗೂ ಒಂದಿಷ್ಟು ಮೆತ್ತುತ್ತಿತ್ತು. ಅದು ಹತ್ತೋ ನೂರೋ ಎಂದು ನೋಡುವುದು ಆಮೇಲೆ. ಮಾರನಹಳ್ಳಿಯಲ್ಲಿ ಅವರದು ದಿನಸಿ ಅಂಗಡಿ, ಪಕ್ಕದಲ್ಲೇ ನನ್ನದು ಔಷಧಿ ಅಂಗಡಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆದರೂ ದಿನಕ್ಕೊಮ್ಮೆ ಅವರನ್ನು ರೇಗಿಸದಿದ್ದರೆ ನನಗೆ ಕಾಫಿ ಗಂಟಲಿಗಿಳಿಯುತ್ತಿರಲಿಲ್ಲ.

ಹೀಗೆ ಬೋಣಿ ಮಾಡುವವರ ಕೈಗೆ ಒಂದು ದಿನ ಭೂತಾನಿನ ನೂರರ ನೋಟು ಬಂತು. ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲಿದ್ದ ಅಸ್ಸಾಮಿನ ಕೆಲಸಗಾರನೊಬ್ಬ ಕೊಟ್ಟದ್ದು. ಅವನ ಊರು ಭೂತಾನಿನ ಗಡಿಯಲ್ಲಿ. ಅಲ್ಲಿನ ಅಂಗಡಿಗಳಲ್ಲಿ ಅದು ನಮ್ಮ ರೂಪಾಯಿಯ ಸಮಕ್ಕೆ ನಡೆಯುತ್ತದಂತೆ. ಮಲ್ಲಣ್ಣ ಕಣ್ಣು ಬಿಟ್ಟು ನೋಡಿದರೆ ನೋಟಿನಲ್ಲಿ ಯಾರೋ ರಾಜ! ಸರ್ಕಾರ ಮತ್ತೆ ನೋಟು ಬದಲಾಯಿಸಿದೆ ಎಂದುಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದರು. ಬ್ಯಾಂಕಿನವರು ನಕ್ಕು ವಾಪಸ್ ಕೊಟ್ಟಾಗ ನಾನು ಊರಿಗೆಲ್ಲ ಡಂಗುರ ಹೊಡೆದೆ. ಆ ಕೆಲಸಗಾರನನ್ನು ಹಿಡಿದು ವಸೂಲು ಮಾಡಿ ಎಂದರೆ ಅವರದು ಒಂದೇ ಮಾತು:

"ಕಣ್ಣಿಗೊತ್ಕಂಬುಟ್ಟೆ ಕಣೋ ಮಾರಾಯ. ಇನ್ ಹೆಂಗ್ ಬ್ಯಾಡ ಅನ್ಲಿ?"

ಊರಿಗೆ ಹೊರಟಿದ್ದ ಇನ್ನೊಬ್ಬ ಅಸ್ಸಾಮಿನವನು ಅದನ್ನು ತೆಗೆದುಕೊಂಡು ನಮ್ಮ ನೂರು ಕೊಟ್ಟ. ಅಲ್ಲಿಂದ ಅದೇ ರೂಢಿಯಾಯಿತು. ಯಾರು ಭೂತಾನಿನ ನೋಟು ತಂದರೂ ಮಲ್ಲಣ್ಣ ಸಾಮಾನು ಕೊಟ್ಟು, ನೋಟನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಊರಿಗೆ ಹೋಗುವವರಿಗಾಗಿ ಕಾಯುತ್ತಿದ್ದರು. ಅಂಗಡಿ ಇಟ್ಟ ಮೇಲೆ ಕಾಯ್ದೆ ಕಾನೂನು ಬೇಡವೇ ಎಂದು ನಾನು ಅವರ ತಲೆ ತಿನ್ನುತ್ತಿದ್ದೆ.

ಒಂದು ಮಧ್ಯಾಹ್ನ ಲೈನಿನ ಹೆಂಗಸೊಬ್ಬಳು ಜ್ವರದಿಂದ ಸುಡುತ್ತಿದ್ದ ಮಗುವನ್ನೆತ್ತಿಕೊಂಡು ನನ್ನ ಅಂಗಡಿಗೆ ಬಂದಳು. ಬಟವಾಡೆಗೆ ಇನ್ನೂ ಎರಡು ದಿನವಿತ್ತು. ಕೈಯಲ್ಲಿದ್ದದ್ದು ಅದೇ ರಾಜನ ನೂರು. ನಡೆಯಲ್ಲ ಎಂದೆ. ಅವಳಿಗೆ ಕನ್ನಡ ಬಾರದು, ನೋಟನ್ನು ಮತ್ತೆ ಮತ್ತೆ ಮುಂದಕ್ಕೆ ತಳ್ಳಿದಳು. ನನಗೆ ರೇಗಿತು. ಬಾಲ್‌ಪೆನ್ನಿನಲ್ಲಿ ರಾಜನ ಮುಖದ ಮೇಲೆ ದಪ್ಪಗೆ ಒಂದು ಅಡ್ಡಗೆರೆ ಎಳೆದು ವಾಪಸ್ ಕೊಟ್ಟೆ.

ಮಲ್ಲಣ್ಣ ತಮ್ಮ ಅಂಗಡಿಯ ಗದ್ದುಗೆಯಿಂದ ಇಳಿದು ಬಂದರು. ಬೋಣಿಯ ಹೊತ್ತಲ್ಲದಿದ್ದರೂ ಆ ನೋಟನ್ನು ಕಣ್ಣಿಗೊತ್ತಿಕೊಂಡು, ಅವಳಿಗೆ ನಮ್ಮ ನೂರು ಕೊಟ್ಟರು.

"ಮಗೀಗೆ ಜ್ವರ ಐತೆ," ಎಂದರು ನನಗೆ. "ರಾಜ ಯಾರಾದ್ರೆ ನಿಂಗೇನೋ?"

ಅದೇ ನೂರಕ್ಕೆ ನಾನು ಔಷಧಿ ಕೊಟ್ಟೆ, ಚಿಲ್ಲರೆಯನ್ನೂ ಕೊಟ್ಟೆ. ಮಗು ಹುಷಾರಾಯಿತು. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ; ನಿಮ್ಮ ರಾಜ ಹೇಗಿದ್ದಾನೆ ಮಲ್ಲಣ್ಣ ಎಂದು ದಿನಾ ಕೇಳುತ್ತಿದ್ದೆ. ಅವರು ನಗುತ್ತಿದ್ದರು.

ಹೋದ ವರ್ಷ ಮಲ್ಲಣ್ಣ ತೀರಿಕೊಂಡರು. ಅಂಗಡಿ ಖಾಲಿ ಮಾಡುವಾಗ ಅವರ ಹೆಂಡತಿ ಗೌರಕ್ಕ ಆ ಬಿಸ್ಕತ್ತಿನ ಡಬ್ಬಿ ತಂದು, ಊರಿಗೆ ಹೋಗುವವರು ಸಿಕ್ಕರೆ ಕೊಡಪ್ಪ ಎಂದರು. ಒಳಗೆ ಒಂದೇ ನೋಟು. ರಾಜನ ಮುಖದ ಮೇಲೆ ನನ್ನ ಅಡ್ಡಗೆರೆ. ಉಳಿದವೆಲ್ಲ ತಮ್ಮ ಊರು ಸೇರಿದ್ದವು, ಗೆರೆ ಬಿದ್ದ ಇದನ್ನು ಯಾರೂ ಮುಟ್ಟಿರಲಿಲ್ಲ. ಆ ನೂರು ಮುಳುಗಿತೆಂದು ಇಷ್ಟು ವರ್ಷದಲ್ಲಿ ಮಲ್ಲಣ್ಣ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ನಾಚಿಕೆಯಿಂದ ನಾನು ಕುಗ್ಗಿಹೋದೆ.

ಸಂಜೆ ಗೌರಕ್ಕನಿಗೆ, ಯಾರೋ ಊರಿಗೆ ಹೊರಟವರು ತೆಗೆದುಕೊಂಡರು ಎಂದು ಸುಳ್ಳು ಹೇಳಿ ನೂರು ರೂಪಾಯಿ ಕೊಟ್ಟೆ. ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು, ಕಣ್ಣು ಮುಚ್ಚಿ, ಆ ಗೆರೆಯ ನೋಟನ್ನು ರೆಪ್ಪೆಗೆ ಒತ್ತಿಕೊಂಡೆ. ನನ್ನನ್ನು ರೇಗಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ.