ಸ್ಟೇಷನ್ ರೋಡಿನ ಅಂಗಡಿ

ಅವರ ಬಲಗೈ ಹೆಬ್ಬೆರಳಿನ ಉಗುರು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ವಾರ್ನಿಶ್ ಉಗುರಿನ ಸಂದಿಗೆ ಇಳಿದು, ಎಷ್ಟು ಉಜ್ಜಿದರೂ ಹೋಗದಂತೆ ಕುಳಿತುಬಿಟ್ಟಿತ್ತು. ತೋರುಬೆರಳಿನ ತುದಿಯಲ್ಲಿ ತಂತಿ ಎಳೆದೆಳೆದು ಬಿದ್ದ ಗೆರೆಗಳಿದ್ದವು. ಆ ಬೆರಳನ್ನು ಹಾಜರಿ ಪುಸ್ತಕದ ಮೇಲಿಟ್ಟು ಹೆಸರು ಕೂಗುವಾಗ ನಾವು ಹುಡುಗಿಯರು ಬೆರಳನ್ನೇ ನೋಡಿ ಮುಸಿಮುಸಿ ನಗುತ್ತಿದ್ದೆವು. ಉಳಿದ ಮಾಸ್ತರರ ಕೈಗೆ ಸೀಮೆಸುಣ್ಣ ಮೆತ್ತಿರುತ್ತಿತ್ತು, ಇವರು ಹತ್ತಿರ ಬಂದರೆ ಗ್ಯಾರೇಜಿನ ವಾಸನೆ ಬರುತ್ತಿತ್ತು.

ರಾಣೇಬೆನ್ನೂರಿನ ಅಂಚಿನಲ್ಲಿದ್ದ ನಮ್ಮ ಹೈಸ್ಕೂಲಿಗೆ ಅವರು ಕಾರ್ಯಾನುಭವದ ಮಾಸ್ತರರು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ಕಾರ್ಯಾನುಭವ ಅಂದರೆ ಬೇರೆ ಶಾಲೆಗಳಲ್ಲಿ ಕಾಗದದ ಹೂವು ಮಾಡುವುದು, ಇಲ್ಲವೇ ಅಂಗಳದ ಕಸ ತೆಗೆಯುವುದು. ಇವರು ಮೋಟಾರ್ ವೈಂಡಿಂಗ್ ಕಲಿಸುತ್ತಿದ್ದರು. ಹೊಲದ ಪಂಪಿನ ಮೋಟಾರು ಸುಟ್ಟರೆ, ಒಳಗಿನ ಕರಕಲಾದ ತಂತಿ ಕಿತ್ತು ಹೊಸ ತಾಮ್ರದ ತಂತಿಯನ್ನು ಎಣಿಸಿ ಸುತ್ತಿ ಕೂಡಿಸುವ ಕೆಲಸ ಅದು. ನಮ್ಮ ಕಡೆ ಕರೆಂಟಿನ ಹಣೆಬರಹ ಗೊತ್ತಲ್ಲ, ಮೋಟಾರು ಸುಡದ ಬೇಸಿಗೆಯೇ ಇಲ್ಲ. ವೈಂಡಿಂಗ್ ಅಂಗಡಿಯವರಿಗೆ ಉಸಿರು ಬಿಡಲು ಪುರಸೊತ್ತಿರುತ್ತಿರಲಿಲ್ಲ. ಹತ್ತನೇ ಇಯತ್ತೆ ಪಾಸಾಗಲಿ ಬಿಡಲಿ, ಮಕ್ಕಳು ಈ ಒಂದು ಕೆಲಸ ಹಿಡಿದುಕೊಂಡು ಹೊರಗೆ ಹೋಗಬೇಕು ಎಂಬುದು ಅವರ ಹಟ.

ಶಾಲೆಯಲ್ಲಿದ್ದುದು ಒಂದೇ ಒಂದು ಹಳೆಯ ಮೋಟಾರು. ನಾವು ಸುತ್ತಿ, ಓಡಿಸಿ ತೋರಿಸಿ, ಮತ್ತೆ ತಂತಿ ಬಿಚ್ಚಿ ಮುಂದಿನವರಿಗೆ ಬಿಟ್ಟುಹೋಗಬೇಕು. ಸುತ್ತುವ ಚಕ್ರಕ್ಕೆ ಎಣಿಕೆ ತೋರಿಸುವ ಮುಳ್ಳೊಂದಿತ್ತು. ಅದರ ಮೇಲೆ ಅವರು ಬೇಕಂತಲೇ ಪಟ್ಟಿ ಅಂಟಿಸಿ ಮುಚ್ಚಿಟ್ಟಿದ್ದರು. ನಾವು ನಲವತ್ತೋ ಐವತ್ತೋ ಸುತ್ತು ಮುಟ್ಟುವ ಹೊತ್ತಿಗೆ ಪಕ್ಕಕ್ಕೆ ಬಂದು ನಿಂತು, “ಇವತ್ತ ನಿಮ್ಮವ್ವ ಏನ್ ಪಲ್ಯಾ ಮಾಡಿದ್ಳು?” ಎಂದು ಕೇಳುವರು. ಉತ್ತರ ಕೊಟ್ಟವರ ಎಣಿಕೆ ತಪ್ಪುತ್ತಿತ್ತು, ಬಾಯಿ ಮುಚ್ಚಿಕೊಂಡವರಿಗೆ ಬೈಗುಳ ಬೀಳುತ್ತಿತ್ತು. “ಅಂಗಡ್ಯಾಗ ಗಿರಾಕಿ ಮಾತಾಡಸ್ತಾನ. ನೀ ಸುಮ್ಮನ ಕುಂತ್ರ ಅವ ಸಿಟ್ಟಾಗ್ತಾನ. ಬಾಯಿ ಅವಂಗ ಕೊಡು, ತಲಿ ತಂತಿಗೆ ಕೊಡು.” ನನಗೆ ಇದು ಬೇಗ ಹತ್ತಿತು. ಬದನೆಕಾಯಿ ಪಲ್ಯದ ಕಥೆಯನ್ನು ಒಗ್ಗರಣೆಯಿಂದ ಹಿಡಿದು ಹೇಳುತ್ತಲೇ ಎಪ್ಪತ್ತೆರಡನೇ ಸುತ್ತಿಗೆ ಸರಿಯಾಗಿ ಕೈ ನಿಲ್ಲಿಸುತ್ತಿದ್ದೆ. ಹುಡುಗರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಕನ್ನಡದಲ್ಲಿ ನಾನು ಶಾಲೆಗೇ ಮೊದಲು, ಗಣಿತದಲ್ಲಿ ಎಲ್ಲರಿಗಿಂತ ಹಿಂದೆ. ಗಣಿತದಲ್ಲಿ ದಡ್ಡಿಯಾದವಳು ಇಲ್ಲಿ ಎಣಿಕೆ ತಪ್ಪುವುದಿಲ್ಲವಲ್ಲ ಎಂದು ಅವರು ಸ್ಟಾಫ್ ರೂಮಿನಲ್ಲಿ ಗಣಿತದವರನ್ನು ಕಾಡಿಸುತ್ತಿದ್ದರಂತೆ.

ಪರೀಕ್ಷೆ ಹತ್ತಿರ ಬಂದ ಹಾಗೆ ಅವರ ಪಿರಿಯಡ್ ಗಣಿತದವರ ಪಾಲಾಯಿತು. ನಮ್ಮ ಮಾಸ್ತರರು ಹೆಡ್‌ಮಾಸ್ತರರನ್ನು ನಮ್ಮೆದುರು ವರಾಂಡದಲ್ಲೇ ನಿಲ್ಲಿಸಿ ಕೇಳಿದರು. “ಪಾಸಾಗೋರು ಹೆಂಗೂ ಪಾಸಾಗ್ತಾರ್ರಿ ಸರ್. ಫೇಲಾಗೋ ಮಕ್ಕಳನ್ನ ಬರಿಗೈಲೆ ಹೊರಗ ಕಳಸೂದೇನ್ರಿ?”

“ಮ್ಯಾಲಿನವರು ರಿಸಲ್ಟ್ ಕೇಳ್ತಾರ್ರಿ, ಕೈಕೆಲಸ ಯಾರೂ ಕೇಳೂದಿಲ್ಲ,” ಎಂದು ಹೇಳಿ ಹೆಡ್‌ಮಾಸ್ತರರು ಒಳಗೆ ಹೋದರು.

ಅಂದಿನಿಂದ ಮಾಸ್ತರರು ಶಾಲೆ ಬಿಟ್ಟ ಮೇಲೆ ಒಂದು ತಾಸು ನಮ್ಮನ್ನು ಕೂಡಿಸಿಕೊಳ್ಳತೊಡಗಿದರು. ಹೆಣ್ಣುಮಕ್ಕಳಲ್ಲಿ ಉಳಿದವಳು ನಾನೊಬ್ಬಳೇ. ಅವ್ವ ಬೀಜದ ಹತ್ತಿಯ ಹೊಲಗಳಲ್ಲಿ ಕ್ರಾಸಿಂಗಿಗೆ ಹೋಗುತ್ತಿದ್ದಳು. ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಒಂದೊಂದಾಗಿ ಮುಟ್ಟಿಸುವ ಕೆಲಸ, ಮುಂಜಾನೆಯಿಂದ ಬಿಸಿಲಲ್ಲಿ. ಮಗಳು ನೆರಳಲ್ಲಿ ಕುಳಿತು ಮಾಡುವಂಥದ್ದು ಏನೋ ಕಲಿಯುತ್ತಿದ್ದಾಳೆ ಎಂಬ ಆಸೆಗೆ ನನ್ನನ್ನು ಸಂಜೆ ಬಿಟ್ಟಿದ್ದಳು. “ಕೈ ಕಲತ್ರ ಆತು ಅಕ್ಕಾರ, ಆಮ್ಯಾಲೆ ಕೆಲಸಾನ ಹುಡಿಕ್ಕೊಂಡು ಬರತೈತಿ,” ಎಂದು ಮಾಸ್ತರರು ಅವಳಿಗೆ ಹೇಳಿದ್ದರು. ಸುಮ್ಮನೆ ಸಮಾಧಾನಕ್ಕೆ ಹೇಳಿದ್ದಲ್ಲ, ಅವರು ಅದನ್ನು ಪೂರಾ ನಂಬಿದ್ದರು.

ನಾನು ನಿರೀಕ್ಷೆಯಂತೆ ಗಣಿತದಲ್ಲಿ ಬಿದ್ದೆ. ಫಲಿತಾಂಶ ಬಂದ ವಾರವೇ ಮಾಸ್ತರರು ಮನೆಗೆ ಬಂದು ನನ್ನನ್ನೂ ಅವ್ವನನ್ನೂ ಹೊರಡಿಸಿದರು. ಮೊದಲು ನಮ್ಮೂರಿನಲ್ಲೇ ಅವರ ಹಳೆಯ ವಿದ್ಯಾರ್ಥಿಯ ಅಂಗಡಿಗೆ ಹೋದೆವು. ಆತ ಎದ್ದು ನಿಂತು ಕುರ್ಚಿ ಕೊಟ್ಟ, ಚಹಾ ತರಿಸಿದ. ಮಾಸ್ತರರು ನನ್ನ ಕೈಯಲ್ಲಿ ತಂತಿಯ ಒಂದು ಕಾಯಿಲ್ ಸುತ್ತಿಸಿದರು. ಆತ ಹಿಡಿದು ನೋಡಿ, “ಕೈ ಭಾಳ ಚಲೋ ಐತ್ರಿ ಸರ್. ನಮ್ಮ ಹುಡುಗ್ರಿಗಿಂತ ಸಾಪ್ ಐತಿ,” ಅಂದ. ಆಮೇಲೆ ತಲೆ ತಗ್ಗಿಸಿ, “ಆದ್ರ ಹೆಣ್ಣು ಹುಡುಗಿ ಸುತ್ತಿದ್ದು ಅಂದ್ರ ರೈತರು ಮೋಟಾರ್ ಒಯ್ಯೂದಿಲ್ರಿ,” ಅಂದ.

ಹಾವೇರಿಯಲ್ಲಿ ಅಂಗಡಿಯವನು ಕಾಯಿಲ್ ನೋಡುವ ತ್ರಾಸನ್ನೂ ತೆಗೆದುಕೊಳ್ಳಲಿಲ್ಲ. “ಇಲ್ಲಿ ದಿನಾ ಗಂಡಸರು ಕುಂತು ಬಾಯಿಗೆ ಬಂದಂಗ ಮಾತಾಡ್ತಾರ. ನಾಳೆ ಏನರ ಆದ್ರ ನಾ ಯಾರಿಗೆ ಜವಾಬ್ ಕೊಡ್ಲಿ?” ಎಂದ. ಬ್ಯಾಡಗಿಯವನು ಎಲ್ಲರಿಗಿಂತ ಮರ್ಯಾದಸ್ಥ. ಅವ್ವನ ಕಡೆ ತಿರುಗಿ, ನಿಜವಾದ ಕಾಳಜಿಯಿಂದಲೇ, “ಅಕ್ಕಾರ, ಇಲ್ಲೇ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೆಣ್ಣಮಕ್ಕಳು ರಗಡ ಬರ್ತಾರ. ಅಲ್ಲಿ ಹಾಕ್ರಿ. ನಾಲ್ಕು ಮಂದಿ ಹೆಂಗಸರ ನಡುವ ಇರ್ತಾಳ,” ಎಂದ. ಅವ್ವ ಆಗಲಿ ಎಂಬಂತೆ ತಲೆಯಾಡಿಸಿದಳು. ಮಾಸ್ತರರು ಅವಳನ್ನೊಮ್ಮೆ ನೋಡಿ ಅಂಗಡಿಯ ಹೊರಗೆ ನಡೆದರು.

ವಾಪಸು ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಹತ್ತಿರ ಕುಳಿತು ಉಗುರು ಕೆರೆಯುತ್ತಿದ್ದರು. ಊರು ಹತ್ತಿರ ಬಂದಾಗ ನನ್ನ ಕಡೆ ತಿರುಗಿದರು.

“ನಾ ನಿನ್ನ ಕೈ ಒಂದ ತಯಾರ ಮಾಡಿದೆ. ಕೆಲಸ ಕೊಡೋರನ್ನ ತಯಾರ ಮಾಡಲಿಲ್ಲ. ತಪ್ಪ ನಂದ ಐತಿ.”

ನನಗೆ ಅಳು ಬಂತು. ಅವರ ಮೇಲೆ ಸಿಟ್ಟೂ ಬಂತು. ಕಲಿಸದೇ ಇದ್ದಿದ್ದರೆ ಇಷ್ಟು ಸಂಕಟ ಇರುತ್ತಿರಲಿಲ್ಲ. ಗಣಿತದಲ್ಲಿ ಬಿದ್ದದ್ದಕ್ಕೆ ನಾನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

ಮರುವರ್ಷದಿಂದ ಅವರು ಹೆಣ್ಣುಮಕ್ಕಳಿಗೆ ವೈಂಡಿಂಗ್ ಕಲಿಸುವುದನ್ನು ಬಿಟ್ಟರು. ಹುಡುಗರು ಮೋಟಾರಿನ ಸುತ್ತ ಕೂಡುತ್ತಾರೆ, ನಮಗೆ ಕಾಗದದ ಹೂವು ಮಾಡಿರಿ ಅಂತಾರೆ ಎಂದು ನಮ್ಮ ಓಣಿಯ ಹುಡುಗಿಯೊಬ್ಬಳು ಹೇಳಿದಳು. ನನ್ನಂತೆ ಇನ್ನೊಬ್ಬಳು ಮೂರೂರು ಅಲೆಯಬಾರದು ಎಂಬುದು ಅವರ ಲೆಕ್ಕ. ನನಗೆ ಮಾತ್ರ, ನನ್ನಿಂದಾಗಿ ಉಳಿದವರ ಬಾಗಿಲೂ ಮುಚ್ಚಿತು ಅನಿಸುತ್ತಿತ್ತು.

ನಾನು ಅವ್ವನ ಜೊತೆ ಕ್ರಾಸಿಂಗಿಗೆ ಹೋದೆ. ಆಮೇಲೆ ಮದುವೆಯಾಗಿ ಬ್ಯಾಡಗಿಗೆ ಬಂದೆ. ಅಲ್ಲಿಯ ಅಂಗಡಿಯವನು ಅಂದು ಹೇಳಿದಂತೆಯೇ ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತೆ. ತೊಟ್ಟು ಬಿಡಿಸುವ ಕೈ ಸಂಜೆ ಹೊತ್ತಿಗೆ ಕೆಂಡದಂತೆ ಉರಿಯುತ್ತದೆ. ಎಣ್ಣೆ ಹಚ್ಚಿದರೂ ಉರಿ ಹೋಗದು, ಅನ್ನ ಕಲಸುವಾಗ ಗೊತ್ತಾಗುತ್ತದೆ.

ಕೆಲವು ವರ್ಷಗಳ ನಂತರ ಒಂದು ಶನಿವಾರ ಕದರಮಂಡಲಗಿಯ ಹನುಮಪ್ಪನ ಗುಡಿಯಲ್ಲಿ ಮಾಸ್ತರರು ಸಿಕ್ಕರು. ಸಕ್ಕರೆ ಕಾಯಿಲೆ ಬಡಿದು ಸೊರಗಿದ್ದರು, ಒಂದು ಕಾಲಿಗೆ ಬಟ್ಟೆ ಸುತ್ತಿತ್ತು. ನನ್ನನ್ನು ಗುರುತಿಸಿ ಹೆಸರು ಹಿಡಿದು ಕರೆದು, “ಏನ್ ಮಾಡಾಕತ್ತೀ ತಂಗಿ ಈಗ?” ಅಂದರು. ಕೇಳುವಾಗಲೇ ಅವರ ಮುಖದಲ್ಲಿ ಅಳುಕಿತ್ತು, ಹೊಡೆತ ಬೀಳುತ್ತದೆ ಎಂದು ಗೊತ್ತಿದ್ದವರ ಹಾಗೆ. ಕೆಂಪಾಗಿದ್ದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

“ವೈಂಡಿಂಗ್ ಅಂಗಡಿ ಹಾಕೇವ್ರಿ ಸರ್, ನಾನೂ ನಮ್ಮನಿಯವರೂ. ಹೊರಗಿನ ಕೆಲಸ ಅವರದು, ಸುತ್ತೂದೆಲ್ಲಾ ನಂದ.”

“ಖರೇ?”

“ಖರೇನ್ರಿ.”

“ಎಲ್ಲೈತಿ ಅಂಗಡಿ?”

“ಬ್ಯಾಡಗಿ ಸ್ಟೇಷನ್ ರೋಡಿನ್ಯಾಗ್ರಿ.”

ಅವರು ನಿಂತಲ್ಲೇ ಗುಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಕಣ್ಣು ಒರೆಸಿಕೊಂಡು, “ಇಷ್ಟ ದಿನಾ ಎದಿ ಮ್ಯಾಲೆ ಒಂದ ಕಲ್ಲ ಇತ್ತು ನೋಡು,” ಅಂದರು. ವಯಸ್ಸಾಗುತ್ತಿದೆ, ಕಾಯಿಲೆಯವರು, ಒಂದು ಸುಳ್ಳಿನಿಂದ ನೆಮ್ಮದಿಯಾಗಿ ಮಲಗಿದರೆ ಯಾರಿಗೇನು ನಷ್ಟ ಎಂದುಕೊಂಡೆ. ಮನೆಗೆ ಬಂದ ಮೇಲೂ ಒಳ್ಳೆಯ ಕೆಲಸ ಮಾಡಿದೆನೆಂದೇ ಅಂದುಕೊಂಡಿದ್ದೆ.

ಎರಡು ವರ್ಷ ಕಳೆದವು. ಬೇಸಿಗೆಯ ಒಂದು ಮಧ್ಯಾಹ್ನ, ಮೂಗಿಗೆ ಬಟ್ಟೆ ಕಟ್ಟಿಕೊಂಡು ರಾಶಿಯ ಮುಂದೆ ಕುಳಿತಿದ್ದಾಗ ಒಬ್ಬ ಹುಡುಗಿ ತನ್ನ ಅಪ್ಪನ ಜೊತೆ ನನ್ನನ್ನು ಕೇಳಿಕೊಂಡು ಬಂದಳು. ಎರಡು ಜಡೆ, ಹೊಸ ಚಪ್ಪಲಿ. ಸ್ಟೇಷನ್ ರೋಡನ್ನು ಎರಡು ಸಲ ಪೂರ್ತಿ ಅಡ್ಡಾಡಿದ್ದರಂತೆ. ಅಲ್ಲಿ ಯಾರೋ, ಆ ಹೆಸರಿನ ರಾಣೇಬೆನ್ನೂರಿನ ಹೆಣ್ಣುಮಗಳು ಮೆಣಸಿನಕಾಯಿ ಕಡೆ ಇದ್ದಾಳೆ ಎಂದು ಇಲ್ಲಿಗೆ ಕಳಿಸಿದ್ದರು. ಹುಡುಗಿ ನನಗೆ ಮಡಿಸಿದ ಕಾಗದ ಕೊಟ್ಟಳು. ಮಾಸ್ತರರ ಅಕ್ಷರ.

“ನಿನ್ನನ್ನು ಗುಡಿಯಲ್ಲಿ ನೋಡಿದ ಮೇಲೆ ಮತ್ತೆ ಹೆಣ್ಣುಮಕ್ಕಳಿಗೆ ವೈಂಡಿಂಗ್ ಕಲಿಸಲು ಶುರು ಮಾಡಿದೆ. ಈ ಹುಡುಗಿಯ ಕೈ ನಿನ್ನ ಕೈಗಿಂತ ಚೆನ್ನಾಗಿದೆ. ಬೇರೆ ಯಾರ ಅಂಗಡಿಗೂ ಕರೆದೊಯ್ಯುವುದಿಲ್ಲ. ನಿನ್ನ ಹತ್ತಿರ ಇಟ್ಟುಕೊಳ್ಳಬೇಕು.”

“ಸರ್ ಹೆಂಗದಾರ?” ಎಂದು ಕೇಳಿದೆ.

“ಹ್ವಾದ ತಿಂಗಳ ತೀರಿಕೊಂಡ್ರು,” ಎಂದ ಅಪ್ಪ. “ಕಾಗದ ಮೊದಲ ಬರದು ಕೊಟ್ಟಿದ್ರು.”

ಹುಡುಗಿ ಒಳಗೆಲ್ಲ ಕಣ್ಣಾಡಿಸಿದಳು. “ಅಂಗಡಿ ಎಲ್ಲೈತ್ರಿ ಅಕ್ಕಾರ?”

ಇದ್ದದ್ದನ್ನು ಇದ್ದಂತೆ ಹೇಳಿದೆ. ಇನ್ನೊಂದು ಸುಳ್ಳಿಗೆ ನನ್ನಲ್ಲಿ ತಾಕತ್ತಿರಲಿಲ್ಲ. ಅವಳು ಅಳಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಅದೇ ಮಡಿಕೆಯಲ್ಲಿ ಮಡಿಸಿದಳು. “ಸರ್‌ಗೆ ಗೊತ್ತಿರಲಿಲ್ಲೇನ್ರಿ?” ಎಂದಳು. ಇಲ್ಲ ಎಂದೆ. ಅಪ್ಪ ಮೆಣಸಿನಕಾಯಿಯ ರಾಶಿಯ ಕಡೆ ನೋಡಿ, “ಹಂಗಾರ ಇಲ್ಲೇ ಒಂದ ಕೆಲಸ ಸಿಗತೈತೇನ್ರಿ?” ಎಂದು ಕೇಳಿದ.

ಮಾಸ್ತರರು ನಂಬಿ ಕಳಿಸಿದ ಹುಡುಗಿ ಮರುದಿನದಿಂದ ನನ್ನ ಪಕ್ಕದಲ್ಲೇ ಕುಳಿತಳು. ಅವರು ಬರೆದದ್ದು ನಿಜ. ಎರಡನೇ ವಾರಕ್ಕೆ ಅವಳು ನನಗಿಂತ ಬೇಗ ತೊಟ್ಟು ಬಿಡಿಸುತ್ತಿದ್ದಳು.