ಹದಿನೇಳು ಬಟ್ಟಲುಗಳ ಬುಡ

ಯಾರ ಮನೆಗೆ ಹೋದರೂ ಚಹಾ ಕುಡಿಯುವ ಮೊದಲು ಕಪ್ಪನ್ನೆತ್ತಿ ಅದರ ಬುಡ ನೋಡುವ ಹೆಂಗಸಿಗೆ ಜನ ಇನ್ನೇನು ಹೆಸರಿಟ್ಟಾರು? ಬುಡದಕ್ಕ ಎಂದೇ ಕರೆದರು. ಒಮ್ಮೆ ಬೀಗರ ಮನೆಯಲ್ಲಿ ಕಪ್ಪು ತುಂಬಿರುವುದನ್ನೇ ಮರೆತು ಬೋರಲು ಹಾಕಿ, ಬೀಗರ ತೊಡೆಯ ಮೇಲೆ ಬಿಸಿ ಚಹಾ ಸುರಿದಿದ್ದಳು. ಆದರೆ ಮಣ್ಣಿನ ಪಾತ್ರೆಯ ಬುಡದ ಗುರುತು ನೋಡಿ, ಮಾಡಿದವರು ಯಾರೆಂದು ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮೂವತ್ತು ವರ್ಷ ಒಂದೇ ಕುಂಬಾರಿಕೆ ಸ್ಟುಡಿಯೋದಲ್ಲಿ ದುಡಿದವಳು.

ಆ ಸ್ಟುಡಿಯೋ ಮುಚ್ಚಿ ಪಾತ್ರೆಗಳೆಲ್ಲ ಸಂಗ್ರಹಾಲಯಕ್ಕೆ ಬಂದಾಗ, ಯಾವುದು ಯಾರದೆಂದು ಹೇಳಲು ಅವಳನ್ನೇ ಕರೆಸಿದರು. ಅವಳು ಓಡಿಬಂದದ್ದು ಒಂದೇ ಆಸೆಗೆ. ತೀರಿಹೋದ ತಂಗಿ ಹನ್ನೊಂದು ವರ್ಷ ಅಲ್ಲೇ ಚಕ್ರದ ಮುಂದೆ ಕೂತಿದ್ದಳು. ಅವಳ ಹೆಸರೂ ಪಾತ್ರೆಗಳ ಮುಂದಿಡುವ ಚೀಟಿಗಳ ಮೇಲೆ ಅಚ್ಚಾಗಬೇಕು.

ನಾಲ್ಕು ದಿನ ಹುಡುಕಿದ್ದಾಯಿತು. ಕೆಲಸಕ್ಕಿಂತ ಹರಟೆಯೇ ಹೆಚ್ಚಾಗಿದ್ದ ಒಬ್ಬ ಕೆಲಸಗಾರನ ಮೀನಿನ ಗುರುತು ಕಪಾಟಿನ ತುಂಬ ಇತ್ತು. ಸ್ಟುಡಿಯೋದ ಹಳೆಯ ಪುಸ್ತಕದಲ್ಲಿ ತಂಗಿಯ ಹೆಸರಿನ ಮುಂದೆ, ಗುರುತು ಮೂರು ಗೀರು ಎಂದಿತ್ತು. ಆದರೆ ಅವಳ ಹದಿನೇಳು ಬಟ್ಟಲುಗಳ ಬುಡದಲ್ಲಿ ಯಜಮಾನರ ದುಂಡು ಮುದ್ರೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಇವು ನನ್ನ ತಂಗೀದೇ ಸಾರ್. ಹೆಬ್ಬೆರಳು ಒತ್ತಿರೋ ರೀತಿ ನೋಡಿ. ಕಣ್ಣು ಮುಚ್ಚಿಕೊಂಡು ಮುಟ್ಟಿದ್ರೂ ಹೇಳ್ತೀನಿ."

"ಇಲ್ಲ ಅನ್ನಲ್ಲಮ್ಮ," ಎಂದ ಸಂಗ್ರಹಾಲಯದ ಅಧಿಕಾರಿ. "ಆದ್ರೆ ಯಾವುದರಲ್ಲಿ ಗುರುತಿದೆಯೋ ಅದಕ್ಕೆ ಮಾತ್ರ ಹೆಸರು. ಸಂಜೆ ಪಟ್ಟಿ ಅಚ್ಚಿಗೆ ಹೋಗ್ಬೇಕು."

ಬುಡದಕ್ಕನಿಗೆ ಮೈಯೆಲ್ಲ ಉರಿಯಿತು. ಅವನ ಮೇಲಲ್ಲ, ಸತ್ತವಳ ಮೇಲೆ. "ಮೂರು ಗೀರು ಎಳೆಯೋಕೆ ಏನೇ ಧಾಡಿಯಾಗಿತ್ತು ನಿನಗೆ!" ಎಂದು ಬೈಯುತ್ತಲೇ ಒಡಕು ಪಾತ್ರೆಗಳ ಪೆಟ್ಟಿಗೆ ಎಳೆದಳು. ಅದರಲ್ಲಿ ಸುಡುವಾಗಲೇ ಬಿರುಕು ಬಿಟ್ಟ ಒಂದು ಹೂಜಿ ಇತ್ತು. ಅಭ್ಯಾಸಬಲದಿಂದ ಬೋರಲು ಹಾಕಿದಳು. ಮುದ್ರೆಯ ಪಕ್ಕ ಏನೂ ಇಲ್ಲ. ಬುಡದ ಅಂಚಿನ ಮೇಲೆ, ಪಾತ್ರೆ ಮೇಜಿಗೆ ತಾಗಿ ಕೂರುವ ಕಡೆ, ಸಣ್ಣಗೆ ಮೂರು ಗೀರು.

ಬುಡದಕ್ಕ ಆ ಗೀರುಗಳ ಮೇಲೆ ಬೆರಳಾಡಿಸಿದಳು. ಆವಿಗೆಯಲ್ಲಿ ಸುಟ್ಟು ಬಂದ ಪಾತ್ರೆಗಳ ಅಂಚನ್ನು, ಮೇಜು ಗೀಚದಂತೆ, ಕಲ್ಲಿಗೆ ಉಜ್ಜಿ ನುಣುಪು ಮಾಡುವುದೇ ಮೂವತ್ತು ವರ್ಷ ಅವಳ ಕೆಲಸವಾಗಿತ್ತು. ಒಡೆದದ್ದನ್ನು ಮಾತ್ರ ಯಾರೂ ಉಜ್ಜುತ್ತಿರಲಿಲ್ಲ. ತಂಗಿಯ ಪಾತ್ರೆಗಳ ಅಂಚಿನಲ್ಲೇ ಯಾಕಿಷ್ಟು ತರಿ ಎಂದು ಗೊಣಗಿಕೊಂಡು, ಎರಡು ಸಲ ಹೆಚ್ಚಿಗೆ ಉಜ್ಜಿದ್ದಳು. ಉಜ್ಜಿದ್ದು ತಂಗಿಯ ಕಣ್ಣಿಗೆ ಬೀಳದೆ ನೇರವಾಗಿ ಮಾರಾಟದ ಪೆಟ್ಟಿಗೆ ಸೇರುತ್ತಿತ್ತು. ತನ್ನ ಗುರುತು ಊರೂರಿಗೆ ಹೋಗುತ್ತಿದೆ ಎಂದೇ ತಂಗಿ ನಂಬಿದ್ದಳು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಅಕ್ಕ ಮಾಡಿದ್ದನ್ನು ತಂಗಿ ಉಂಡಿದ್ದಳು.

"ಅರೆ, ಇದರಲ್ಲಿದೆಯಲ್ಲ!" ಅಧಿಕಾರಿಗೆ ಖುಷಿಯಾಯಿತು. "ಒಡಕಾದ್ರೂ ಇಡೋಣ. ಮಿಕ್ಕವುಗಳಲ್ಲಿ ಯಾಕಿಲ್ಲ?"

"ಇತ್ತು ಸಾರ್. ನಾನೇ ಉಜ್ಜಿಹಾಕಿದೆ."

 ಅಧಿಕಾರಿ ಹೂಜಿಗೆ ತಂಗಿಯ ಹೆಸರು ಬರೆದುಕೊಂಡು ಬಟ್ಟಲುಗಳ ಕಡೆ ತಿರುಗಿದ.

"ಒಂದನೇ ಬಟ್ಟಲು. ಮಾಡಿದವರು?"

ಅವಳು ಅದನ್ನು ಕೈಗೆತ್ತಿಕೊಂಡಳು. ತಂಗಿಯ ಹೆಬ್ಬೆರಳು ಒತ್ತಿದ ಕಡೆ ತನ್ನದನ್ನಿಟ್ಟಳು.

"ಗೊತ್ತಿಲ್ಲ ಅಂತ ಬರ್ಕೊಳ್ಳಿ," ಎಂದಳು. ಇನ್ನೂ ಹದಿನಾರು ಸಲ ಅದನ್ನೇ ಹೇಳಬೇಕಿತ್ತು.