ಹೆಸರೆತ್ತಬಾರದ ಮನೆ

ಶಾಲೆಯ ಟೀಚರ್ ಕೆಲಸದಿಂದ ನಿವೃತ್ತಿಯಾದ ಮೇಲೆ ಮನೆಯಲ್ಲಿ ಕುಳಿತು ಧಾರಾವಾಹಿ ನೋಡುವ ತಾಳ್ಮೆ ನನಗಿರಲಿಲ್ಲ. ನಮ್ಮ ಪಂಚಾಯತಿನ ಪಾಲಿಯೇಟಿವ್ ತಂಡಕ್ಕೆ ಸ್ವಯಂಸೇವಕಿಯಾಗಿ ಸೇರಿಕೊಂಡೆ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಮೈ ಒರೆಸುವುದು, ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವುದು, ಸ್ವಲ್ಪ ಹೊತ್ತು ಮಾತಾಡಿಸಿ ಬರುವುದು ನಮ್ಮ ಕೆಲಸ. ರೋಗಿಯ ಮನೆಯಲ್ಲಿ ರಾಜಕೀಯ ಬೇಡ, ಮತಧರ್ಮದ ವಿಷಯ ಬೇಡ ಎಂದು ತರಬೇತಿಯ ದಿನವೇ ಹೇಳಿದ್ದರು. ನಾನು ಕ್ರೈಸ್ತಳು, ಭಾನುವಾರದ ಬಲಿಪೂಜೆ ತಪ್ಪಿಸಿದವಳಲ್ಲ. ಆದರೂ ಆ ನಿಯಮ ಕೇಳಿ ಮನಸ್ಸು ಹಗುರಾಯಿತು. ಯೇಸುವಿನ ಬಗ್ಗೆ ಹೊರಗಿನವರ ಹತ್ತಿರ ಮಾತಾಡಬೇಕೆಂದರೆ ಚಿಕ್ಕಂದಿನಿಂದಲೂ ನನಗೆ ನಾಲಗೆ ಹೊರಳುವುದಿಲ್ಲ.

ಸೀತಾಂಗೋಳಿಯಿಂದ ಸ್ವಲ್ಪ ಒಳಗೆ ಒಂದು ಹಿಂದೂ ಮನೆಗೆ ವಾರಕ್ಕೆರಡು ಸಲ ಹೋಗುತ್ತಿದ್ದೆ. ಅಲ್ಲಿಯ ಅಮ್ಮ ಸೊಂಟ ಮುರಿದು ಮಲಗಿದವರು. ಬೆನ್ನಿನ ಕೆಳಗೆ ಅಂಗೈಯಗಲದ ಹುಣ್ಣು. ಮಗ ಸಿಮೆಂಟ್ ಇಟ್ಟಿಗೆ ಮಾಡುವಲ್ಲಿ ಕೆಲಸಕ್ಕಿದ್ದ; ಒಂದನೇ ತರಗತಿಯಲ್ಲಿ ನನ್ನ ಹತ್ತಿರವೇ ಅಕ್ಷರ ಕಲಿತವನು. ಸೊಸೆಗೆ ಹುಣ್ಣು ಕಂಡರೆ ತಲೆ ಸುತ್ತುತ್ತಿತ್ತು. ಪಂಚಾಯತಿನ ನರ್ಸ್ ಬರುವುದು ತಿಂಗಳಿಗೊಮ್ಮೆ, ಆ ಕಡೆಗೆ ಬೇರೆ ಸ್ವಯಂಸೇವಕರೂ ಇರಲಿಲ್ಲ. ಹಾಗಾಗಿ ಆ ಹುಣ್ಣು ನನ್ನ ಪಾಲಿಗೇ ಬಿತ್ತು.

“ಎಂತ ಟೀಚರ್, ಕರಿಹಲಗೆ ಒರೆಸಿದ ಹಾಗೆ ಒರೆಸ್ತೀರಲ್ಲ! ಬೆನ್ನು ಮಾರಾಯ್ರೆ ಇದು” ಎಂದು ಅಮ್ಮ ನನ್ನನ್ನು ಗದರುತ್ತಿದ್ದರು. ನೋವಿನಲ್ಲೂ ಹಾಸ್ಯ ಬಿಟ್ಟವರಲ್ಲ. ನನಗೆ ಅವರೆಂದರೆ ತುಂಬಾ ಇಷ್ಟವಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಹುಣ್ಣಿನ ಅಂಚಿನಲ್ಲಿ ಕೆಂಪಗೆ ಹೊಸ ಮಾಂಸ ಕಾಣಿಸಿತು.

ಮಂಜೇಶ್ವರದಲ್ಲಿ ನನಗೊಬ್ಬಳು ಅಕ್ಕ ಇದ್ದಾಳೆ. ಭಾವ ತೀರಿಕೊಂಡಾಗ ನೆಲಕಚ್ಚಿದವಳನ್ನು ಎಬ್ಬಿಸಿ ನಿಲ್ಲಿಸಿದ್ದು ಪ್ರಾರ್ಥನೆ. ಅದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಅವಳನ್ನು ಎಷ್ಟು ಲೇವಡಿ ಮಾಡಿದರೂ ಒಂದು ಮಿತಿಯಲ್ಲಿಯೇ ಮಾಡುತ್ತೇನೆ. ಆದರೆ ಪ್ರಾರ್ಥನೆ, ಪ್ರವಚನದ ಧ್ಯಾನಕೂಟಕ್ಕೆ ಹೋಗಿ ಬಂದಾಗಲೆಲ್ಲ ಅವಳು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸುತ್ತಾಳೆ.

“ಇಷ್ಟು ಸಮಯದಿಂದ ಹೋಗ್ತಾ ಇದ್ದಿ. ಆ ಅಮ್ಮನಿಗೆ ಒಂದು ಸಲವಾದರೂ ಯೇಸುವಿನ ಹೆಸರು ಹೇಳಿದ್ದೀಯಾ?” ಎಂದು ಈ ಸಲ ಕೊಂಕಣಿಯಲ್ಲಿ ಕೇಳಿದಳು.

“ಕೀವು ತೊಳೆಯುವಾಗ ಎಂತ ಪ್ರಸಂಗ ಮಾಡುವುದು?”

“ಅವರು ಕಣ್ಣು ಮುಚ್ಚಿದ ಮೇಲೆ ದೇವರು ನಿನ್ನ ಹತ್ತಿರ ಕೇಳಿದರೆ ಎಂತ ಹೇಳ್ತಿ?”

ನನಗೆ ಸಿಟ್ಟು ಬಂತು. ಉತ್ತರ ತೋಚದಿದ್ದಾಗ ನನಗೆ ಬರುವುದು ಅದೊಂದೇ. ಮುಂದಿನ ವಾರ ಅವಳೂ ನನ್ನ ಜೊತೆ ಬರುತ್ತೇನೆಂದು ಹಟ ಹಿಡಿದಳು. ಸುಮ್ಮನೆ ನೋಡಿ ಬರುವುದು, ಬಾಯಿ ತೆರೆಯುವುದಿಲ್ಲ ಎಂದಳು. ನಂಬಿ ಕರೆದುಕೊಂಡು ಹೋದೆ.

ಕೊಳಕು ಹತ್ತಿಯನ್ನು ಹೂಳಲು ಹಿತ್ತಿಲಿಗೆ ಹೋಗಿದ್ದೆ. ಅಷ್ಟರಲ್ಲಿ ಒಳಗಿನಿಂದ ಅಕ್ಕನ ಸ್ವರ. ಓಡಿ ಬಂದು ನೋಡಿದರೆ ಅಮ್ಮನ ತಲೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಅಂಗಳಕ್ಕೆ ಕೇಳುವಂತೆ ಕನ್ನಡದಲ್ಲಿ ಪ್ರಾರ್ಥಿಸುತ್ತಿದ್ದಾಳೆ. ಕೆನ್ನೆಯ ಮೇಲೆ ಧಾರಾಕಾರ ಕಣ್ಣೀರು. ಅಮ್ಮ ಕಣ್ಣರಳಿಸಿ ಅವಳ ಮುಖವನ್ನೇ ನೋಡುತ್ತಿದ್ದರು. ಅಂಗಳದಲ್ಲಿ ಪಕ್ಕದ ಮನೆಯವರು ನಿಂತಿದ್ದರು. ಊಟಕ್ಕೆ ಬಂದ ಮಗ ಬಾಗಿಲಲ್ಲಿದ್ದ.

ಅವನು ಕೂಗಾಡಲಿಲ್ಲ. ನನ್ನನ್ನು ಜಗಲಿಗೆ ಕರೆದ.

“ನಿಮಗೆ ಬೈಲಿಕ್ಕೆ ನನಗೆ ಬಾಯಿ ಬರುವುದಿಲ್ಲ ಟೀಚರ್. ಆದರೆ ನಾಳೆ ಇದು ವಾಟ್ಸಾಪಿನಲ್ಲಿ ಬರ್ತದೆ. ಟೀಚರ್ ಮತಾಂತರ ಮಾಡ್ಲಿಕ್ಕೆ ಬರುವುದು ಅಂತ. ನನಗೆ ಈ ಊರಲ್ಲಿ ಬದುಕ್ಲಿಕ್ಕೆ ಉಂಟು. ಇನ್ನು ನೀವು ಬರುವುದು ಬೇಡ.”

ಹಿಂತಿರುಗುವಾಗ ಬಸ್ಸಿನಲ್ಲಿ ಅಕ್ಕನ ಮುಖ ಶಾಂತವಾಗಿತ್ತು. ಅದೇ ನನಗೆ ಸಹಿಸಲಾಗಲಿಲ್ಲ.

“ನಾವು ಬಿತ್ತಿ ಆಯ್ತು. ಮೊಳಕೆ ಬರಿಸುವುದು ದೇವರ ಕೈಯಲ್ಲಿ” ಎಂದಳು.

“ಹುಣ್ಣು ಕೊಳೆತರೆ ಅದು ಯಾರ ಕೈಯಲ್ಲಿ?”

ಅಕ್ಕ ಕಿಟಕಿಯ ಕಡೆ ತಿರುಗಿದಳು.

ಆಮೇಲಿನ ವಾರಗಳಲ್ಲಿ ನನಗೆ ಭಾನುವಾರದ ಪೂಜೆಗೆ ಇಗರ್ಜಿಗೆ ಹೋದರೂ ನೆಮ್ಮದಿಯಿರಲಿಲ್ಲ. ಮಂಡಿಯೂರಿದರೆ ಆ ಬೆನ್ನೇ ಕಣ್ಣಮುಂದೆ. ಈಗ ಯಾರು ಮಗ್ಗುಲು ಬದಲಿಸುತ್ತಾರೋ, ಯಾರು ತೊಳೆಯುತ್ತಾರೋ. ಅಕ್ಕನ ಮೇಲೆ ಹರಿಹಾಯ್ದುಬಿಡಬೇಕೆಂದು ಫೋನ್ ಕೈಗೆತ್ತಿಕೊಂಡು ಮತ್ತೆ ಇಟ್ಟುಬಿಡುತ್ತಿದ್ದೆ. ಅವಳು ಮಾಡಿದ್ದು ತಪ್ಪು, ಅದರಲ್ಲಿ ಅನುಮಾನವಿಲ್ಲ. ಆದರೆ ಅವಳ ಕಣ್ಣೀರು ಸುಳ್ಳಾಗಿರಲಿಲ್ಲ. ನಾನು ಬಾಯಿ ಬಿಡದೆ ಸೇವೆ ಮಾಡುತ್ತೇನೆ ಎಂದು ಒಳಗೊಳಗೇ ಬೀಗುತ್ತಿದ್ದೆನಲ್ಲ, ಅದು ಮರ್ಯಾದೆಯೋ ಬರೀ ಪುಕ್ಕಲುತನವೋ? ಇದನ್ನು ಯಾವ ಪಾದ್ರಿಯ ಹತ್ತಿರ ಕೇಳುವುದೆಂದು ನನಗೆ ಗೊತ್ತಾಗಲಿಲ್ಲ.

ಒಂದು ಬೆಳಿಗ್ಗೆ ಆ ಮಗ ನಮ್ಮ ಗೇಟಿನ ಹತ್ತಿರ ಬೈಕ್ ನಿಲ್ಲಿಸಿದ. ಒಳಗೆ ಬಾ ಎಂದರೂ ಇಳಿಯಲಿಲ್ಲ.

“ವಾಸನೆ ಬರ್ಲಿಕ್ಕೆ ಶುರುವಾಗಿದೆ ಟೀಚರ್. ನಾನು ಕಟ್ಟಿದ್ದು ಸರಿಯಾಗುವುದಿಲ್ಲ. ನೀವು ಬರಬೇಕು. ಒಂದು ಮಾತು ಮಾತ್ರ ಕೊಡಿ. ಅಲ್ಲಿ ನಿಮ್ಮ ದೇವರ ಸುದ್ದಿ ಎತ್ತಬಾರದು.”

ಮಾತು ಕೊಟ್ಟೆ. ಯೋಚಿಸಲಿಕ್ಕೂ ನಿಲ್ಲಲಿಲ್ಲ.

ಹುಣ್ಣು ಮೊದಲಿನದಕ್ಕಿಂತ ಆಳವಾಗಿತ್ತು. ಹೊಸ ಮಾಂಸವೆಲ್ಲ ಕಪ್ಪಾಗಿ ಹೋಗಿತ್ತು. ನನಗೆ ಅಳು ಬಂತು, ತಡೆದುಕೊಂಡೆ. ಮಗ ಬಿಸಿನೀರಿನ ಪಾತ್ರೆ ಹಿಡಿದು ಪಕ್ಕದಲ್ಲೇ ನಿಂತಿದ್ದ. ಅಮ್ಮ ಆ ದಿನ ಹಾಸ್ಯ ಮಾಡಲಿಲ್ಲ, ನರಳಿದರು ಅಷ್ಟೆ. ಪಟ್ಟಿ ಅಂಟಿಸಿ, ಅವರನ್ನು ಮಗ್ಗುಲಿಗೆ ಮಲಗಿಸಿ, ಬೆನ್ನಿಗೆ ದಿಂಬು ಕೊಟ್ಟಾಗ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಟೀಚರ್, ಬರಬೇಡಿ ಅಂದ ಮೇಲೂ ಯಾಕೆ ಬಂದಿರಿ?”

ನಾನು ಇನ್ನೊಂದು ಕೈಯಿಂದ ದಿಂಬು ಸರಿಮಾಡಿದೆ.

“ಅವತ್ತು ನಿಮ್ಮ ಅಕ್ಕ ಅತ್ತರಲ್ಲ, ಹಾಗೆ ನನಗೆ ಬೇಕಾಗಿ ಯಾರೂ ಅತ್ತದ್ದಿಲ್ಲ. ಅವರು ಬೇಡಿಕೊಂಡ ದೇವರು ಯಾರು? ನೀವು ಬರುವುದೂ ಆ ದೇವರು ಹೇಳಿದ್ದಕ್ಕಾ?”

ಜೀವಮಾನದಲ್ಲಿ ಮೊದಲ ಸಲ ಆ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಯಾರೂ ಕಲಿಸಿಕೊಡಬೇಕಾಗಿರಲಿಲ್ಲ, ಧ್ಯಾನಕೂಟವೂ ಬೇಕಾಗಿರಲಿಲ್ಲ. ಹೌದು ಎಂದರೆ ಸಾಕಿತ್ತು. ಮಗನ ಕಡೆ ನೋಡಿದೆ. ಅವನು ಪಾತ್ರೆಯ ನೀರನ್ನೇ ನೋಡುತ್ತಿದ್ದ. ಈ ಬಾಗಿಲು ಇನ್ನೊಮ್ಮೆ ಮುಚ್ಚಿದರೆ ಅಮ್ಮ ಉಳಿಯುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಮ್ಮ ಸ್ವಲ್ಪ ಹೊತ್ತು ಕಾದರು. ಆಮೇಲೆ ತಾವೇ ಹೇಳಿದರು, “ಓ, ಪಂಚಾಯತಿನವರು ಸಂಬಳ ಕೊಡ್ತಾರೆ ಅಲ್ವಾ.”

ಮಗ ತಟ್ಟನೆ ತಲೆಯೆತ್ತಿದ. ಬಸ್ಸಿನ ಖರ್ಚೂ ನನ್ನದೇ ಎಂದು ಅವನಿಗೆ ತಿಳಿದಿತ್ತು. ಆದರೆ ಅವನೂ ಬಾಯಿ ಬಿಡಲಿಲ್ಲ.

“ಹೌದಮ್ಮ” ಎಂದೆ.

“ಹಾಗಾದ್ರೆ ಸರಿ” ಎಂದು ಅಮ್ಮ ನನ್ನ ಕೈ ಬಿಟ್ಟರು.